ಸೊಳ್ಳೆ ಪರದೆಯ ಆಕಾಶ

ಒಂದು ಬೊಗಸೆ ಈರುಳ್ಳಿ ಬೀಜಕ್ಕೆ ಏನು ಖರ್ಚಾಗುತ್ತದೆ ಎಂದು ಕೇಳಿದರೆ, ಜೇನು ಸಾಕುವ ಆ ಮನೆಯ ಅತ್ತೆ ದುಡ್ಡಿನ ಮಾತೆತ್ತುತ್ತಿರಲಿಲ್ಲ. ಎರಡು ವರ್ಷ, ಮನೆ ಹಿಂದಿನ ಒಂದು ಮಡಿ, ತಿನ್ನದೆ ಎತ್ತಿಟ್ಟು ಮತ್ತೆ ಮಣ್ಣಿಗೇ ಹಾಕಿದ ಒಂದು ಬುಟ್ಟಿ ಒಳ್ಳೆಯ ಗಡ್ಡೆ. ಈ ಸಲ ಅದರ ಜೊತೆಗೆ ಮನೆಯಲ್ಲಿದ್ದ ಸೊಳ್ಳೆ ಪರದೆಗಳೂ ಹೋದವು. ಬೇಲಿಯಾಚೆಯವರು ಬಿಳಿ ಈರುಳ್ಳಿಯನ್ನು ಹೂವಿಗೆ ಬಿಟ್ಟಿದ್ದರು. ಇವರ ಜೇನುಹುಳುಗಳು ಅಲ್ಲಿಯ ಪರಾಗ ತಂದು ಇಲ್ಲಿ ಸವರಿದರೆ, ಅತ್ತೆ ಮದುವೆಯಾಗಿ ಬಂದಾಗಿನಿಂದ ಕಾಪಾಡಿಕೊಂಡು ಬಂದ ನೇರಳೆ ಈರುಳ್ಳಿ ಕಲಬೆರಕೆಯಾಗುತ್ತಿತ್ತು. ಅದಕ್ಕೇ ಅತ್ತೆ ಸೊಸೆ ಸೇರಿ ಪರದೆಗಳನ್ನು ಒಂದಕ್ಕೊಂದು ಹೊಲಿದು, ಕೋಲು ನೆಟ್ಟು, ಮಡಿಯ ಮೇಲೆ ಡೇರೆ ಕಟ್ಟಿದರು. ಒಂದು ಹುಳು ನುಸುಳುವಷ್ಟು ಸಂದಿಯೂ ಬಿಡಲಿಲ್ಲ.

ರಾತ್ರಿಯೆಲ್ಲ ಸೊಳ್ಳೆ ಕಚ್ಚಿಸಿಕೊಂಡ ಅತ್ತೆಯ ಮಗ ಬೆಳಿಗ್ಗೆ ಹಲ್ಲುಜ್ಜುತ್ತಾ ಡೇರೆಯ ಸುತ್ತ ಒಂದು ಸುತ್ತು ಬಂದ.

"ಅಮ್ಮಾ, ಆಚೆಯಿಂದ ಹುಳ ಬರೋ ಹಾಗಿಲ್ಲ, ಸರಿ. ಒಳಗೆ ಕೆಲಸ ಮಾಡೋರು ಯಾರು?"

ಅತ್ತೆ ಸೊಸೆಯ ಮುಖ ನೋಡಿದಳು, ಸೊಸೆ ನೆಲ ನೋಡಿದಳು. ಜೀವಮಾನವಿಡೀ ಜೇನು ಸಾಕಿದವರು ಜೇನಿಗೇ ಬಾಗಿಲು ಹಾಕಿ ಬೀಜ ಕಟ್ಟುತ್ತದೆಂದು ಕಾದು ಕೂತಿದ್ದರು. ನಗುವ ಹೊತ್ತು ಅದಲ್ಲ. ಈರುಳ್ಳಿ ಬೀಜ ಹಳತಾದರೆ ಮೊಳೆಯುವುದಿಲ್ಲ, ಡಬ್ಬಿಯಲ್ಲಿದ್ದದ್ದು ಆಗಲೇ ಸತ್ತಿತ್ತು. ಈ ಹೂ ಸುಮ್ಮನೆ ಒಣಗಿದರೆ ಆ ತಳಿಯ ಕಥೆ ಅಲ್ಲಿಗೆ ಮುಗಿದಂತೆ.

ಅತ್ತೆ ಅಂದೇ ಹುಳು ತುಂಬಿದ ಒಂದು ಜೇನುಪೆಟ್ಟಿಗೆಯನ್ನು ಡೇರೆಯೊಳಗೆ ಇಡಿಸಿ ಅದರ ಬಾಗಿಲು ತೆಗೆದಳು. ಹುಳುಗಳು ಹೂವಿನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಮೇಲೇರಿ ಪರದೆಗೆ ತಲೆ ಚಚ್ಚಿಕೊಂಡವು, ಬಿದ್ದವು, ಮತ್ತೆ ಏರಿದವು. ಸಂಜೆಗೆ ಅಂಚಿನುದ್ದಕ್ಕೂ ಸತ್ತು ಬಿದ್ದಿದ್ದವನ್ನು ಅತ್ತೆ ಗುಡಿಸಿದಳು. ಒಂದು ಮೊರ ತುಂಬಿತು. ಉಳಿದವನ್ನು ಪೆಟ್ಟಿಗೆ ಸಮೇತ ಆಚೆಗೆ ಸಾಗಿಸಿ, ಜಗಲಿಯ ಮೇಲೆ ಕೂತಳು.

ಸೊಸೆ ಪಕ್ಕದಲ್ಲಿ ಬಂದು ಕೂತಳು. "ಅತ್ತೆ, ಇವಕ್ಕೆ ಆಚೆಯ ದಾರಿ ಗೊತ್ತು. ಅದಕ್ಕೇ ಹೀಗೆ ಒದ್ದಾಡಿದ್ವು. ಆಚೆ ನೋಡೇ ಇರದಂಥವನ್ನ ಬಿಟ್ರೆ?"

"ಅಂಥವು ಎಲ್ಲಿ ಸಿಗ್ತಾವೆ?"

"ಇನ್ನೂ ಹುಟ್ಟದೇ ಇರೋವು ಇದಾವಲ್ಲ."

ಅತ್ತೆ ಆಗದೆಂದು ತಲೆಯಾಡಿಸಿದಳು. ಹುಟ್ಟಿದ ಹುಳು ಮೊದಲ ಎರಡು ಮೂರು ವಾರ ಗೂಡು ಗುಡಿಸಬೇಕು, ಮರಿಗಳಿಗೆ ಉಣಿಸಬೇಕು, ಆಮೇಲಷ್ಟೇ ಅದು ಹೊಸಿಲು ದಾಟುವುದು. ಅಷ್ಟರಲ್ಲಿ ಹೂವೆಲ್ಲ ಬಾಡಿರುತ್ತದೆ ಎಂದಳು.

"ನಾನು ಈ ಮನೆಗೆ ಬಂದ ಮಾರನೇ ದಿನವೇ ಪೆಟ್ಟಿಗೆ ಮುಂದೆ ನಿಲ್ಲಿಸಿದ್ರಿ. ನಾನು ಮಾಡ್ಲಿಲ್ವಾ?"

"ಮಾಡಿದ್ದು ನೋಡಿದೀನಲ್ಲ. ಮುಖ ಹಂಡೆ ಹಾಗೆ ಊದಿತ್ತು," ಎಂದಳು ಅತ್ತೆ. ಆದರೂ ಎದ್ದು, ಹುಳುಗಳನ್ನು ಶಾಂತಮಾಡುವ ಹೊಗೆ ತಿದಿ ತಂದಳು.

ಮೇಣದ ಮುಚ್ಚಳದ ಕೆಳಗೆ ಮರಿಗಳು ಮಾಗಿದ್ದ ಜೇನಿನ ಎರಿಗಳನ್ನು ಚೌಕಟ್ಟು ಸಮೇತ ಆರಿಸಿ, ಮೇಲಿದ್ದ ದೊಡ್ಡ ಹುಳುಗಳನ್ನೆಲ್ಲ ಕೊಡವಿ, ಒಂದು ಚಿಕ್ಕ ಪೆಟ್ಟಿಗೆಯಲ್ಲಿಟ್ಟು, ಸಕ್ಕರೆ ನೀರಿನ ಜೊತೆ ಡೇರೆಯೊಳಗೆ ಇರಿಸಿದರು. ಮರಿಗಳು ಮುಚ್ಚಳ ಕಡಿದುಕೊಂಡು ಹೊರಬಂದವು. ಹಿಟ್ಟು ಮೆತ್ತಿದಂತೆ ಮಾಸಲು ಬಣ್ಣ, ನಡೆಯುವಾಗ ತೂರಾಟ. ಅವು ಎರಿಯ ಮೇಲೆ ಓಡಾಡಿಕೊಂಡಿದ್ದವೇ ಹೊರತು ಬಾಗಿಲ ಹತ್ತಿರ ಸುಳಿಯಲಿಲ್ಲ. ಚೆಂಡು ಚೆಂಡಾಗಿ ಅರಳಿದ ಹೂಗಳಲ್ಲಿ ಕೆಲವು ಆಗಲೇ ಕಂದತೊಡಗಿದವು. ಅತ್ತೆ ದಿನಾ ಬೆಳಿಗ್ಗೆ ಕಾಫಿಗೂ ಮುಂಚೆ ಪರದೆಯ ಹೊಲಿಗೆ ಬಿಚ್ಚಿ ಒಳಗೆ ಹೋಗಿ, ಸಂದಿ ಮುಚ್ಚಿಕೊಂಡು ಕೂರುತ್ತಿದ್ದಳು.

ವಾರ ಕಳೆದಿತ್ತೋ ಏನೋ. ಬಿಸಿಲು ಡೇರೆಯೊಳಗೆ ಆಗಷ್ಟೇ ಇಳಿಯುತ್ತಿತ್ತು. ಪೆಟ್ಟಿಗೆಯ ಬಾಗಿಲಿಗೆ ಒಂದು ಹುಳು ಬಂದು ನಿಂತಿತು. ಹಾರಿ, ತನ್ನ ಮನೆಯ ಕಡೆಗೇ ಮುಖ ಮಾಡಿ, ಗುರುತಿಟ್ಟುಕೊಳ್ಳುವಂತೆ ಅತ್ತಿತ್ತ ತೇಲಿತು. ಮೆಲ್ಲಗೆ ಮೇಲೇರಿತು. ಹುಳು ಪರದೆಗೆ ಒಮ್ಮೆ ತಾಗಿತು. ಆಕಾಶ ಇರುವುದೇ ಅಷ್ಟೆತ್ತರದಲ್ಲಿ ಎಂದು ಒಪ್ಪಿಕೊಂಡಂತೆ ತಿರುಗಿ ಇಳಿದು, ಈರುಳ್ಳಿ ಹೂವಿನ ಮೇಲೆ ಕೂತಿತು. ಅದರ ಹಿಂದೆ ಇನ್ನೊಂದು ಬಂತು. ಆಮೇಲೆ ಹತ್ತಾರು, ಆಮೇಲೆ ಡೇರೆ ತುಂಬ ಒಂದೇ ಝೇಂಕಾರ. ಕಲಿಸಿಕೊಡುವ ಹಿರಿಯ ಹುಳು ಒಂದೂ ಆ ಮನೆಯಲ್ಲಿರಲಿಲ್ಲ. ವಯಸ್ಸಾಗಲಿ ಎಂದು ಅವು ಕಾಯಲೂ ಇಲ್ಲ. ಜೇನಿನ ನಡುವೆಯೇ ತಲೆ ನೆರೆತವಳು ಅತ್ತೆ. ಮೊಣಕಾಲೂರಿ ಕೂತವಳಿಗೆ ಸೊಸೆಯನ್ನು ಕೂಗಬೇಕೆನ್ನಿಸಿತು. ಕೂಗುವ ಅಗತ್ಯವಿರಲಿಲ್ಲ. ಸೊಸೆ ಹೊರಗಿನಿಂದ ಪರದೆಗೆ ಹಣೆಯೊತ್ತಿ ನಿಂತಿದ್ದಳು.

"ಯಾರೇ ಹೇಳಿಕೊಟ್ರು ಇವಕ್ಕೆ?" ಎಂದಳು ಅತ್ತೆ, ಪಿಸುಮಾತಿನಲ್ಲಿ.

ಹೂವು ಒಣಗಿ ಕಾಳು ಕಪ್ಪಾದ ಮೇಲೆ ಡೇರೆ ಬಿಚ್ಚಿದರು. ಮಗನಿಗೆ ತನ್ನ ಪರದೆ ವಾಪಸ್ಸು ಸಿಕ್ಕಿತು. ಹುಳುಗಳು ಮಾತ್ರ ಅವತ್ತು ಸಂಜೆಯವರೆಗೂ ಪರದೆ ಇದ್ದ ಎತ್ತರಕ್ಕೆ ಏರುವುದು, ಅಲ್ಲಿಂದಲೇ ತಿರುಗಿ ಇಳಿಯುವುದು ಮಾಡುತ್ತಿದ್ದವು. ಕತ್ತಲಾಗುವ ಮುಂಚೆ ಒಂದೇ ಒಂದು ಹುಳು ಆ ಎತ್ತರ ದಾಟಿ ಹೋಗಿದ್ದನ್ನು ಅತ್ತೆ ಕಣ್ಣಾರೆ ಕಂಡಳು.

ಬಂದದ್ದು ಒಂದು ಬೊಗಸೆ ಬೀಜ. ಹೋದದ್ದು ಒಂದು ಮೊರ ಜೇನುಹುಳು, ಆಕಾಶ ಎಷ್ಟೆತ್ತರ ಎಂದು ಮೊದಲೇ ಗೊತ್ತಿದ್ದಂಥವು.