ಸೋರುವ ಸದ್ದು

ಕಾರಿನ ಹಿಂಭಾಗ ಕುಸಿಯುತ್ತಿದೆ ಎಂದು ಗೊತ್ತಾದಾಗ ಗಂಡ ಹೆಂಡತಿ ಏರುದಾರಿಯ ಅರ್ಧದಲ್ಲಿದ್ದರು. ಹಿಂದೆ ಕಟ್ಟಿಕೊಂಡಿದ್ದ ಕ್ಯಾರವಾನು, ಹಾಸಿಗೆ, ಒಲೆ, ಸಿಂಕು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ಆ ಗಾಲಿಮನೆ, ಮೂತಿ ತಗ್ಗಿಸಿ ಕಾರನ್ನು ನೆಲಕ್ಕೆ ಒತ್ತುತ್ತಿತ್ತು. ಕಾರಿನ ಮುಂಭಾಗ ಮೇಲೆದ್ದು ಸ್ಟೀರಿಂಗ್ ಹಗುರಾಯಿತು. ಗಂಡ ಹಲ್ಲು ಕಚ್ಚಿಕೊಂಡು ರಸ್ತೆಯಂಚಿನ ಸಮತಟ್ಟು ಜಾಗಕ್ಕೆ ಗಾಡಿ ಇಳಿಸಿ ನಿಲ್ಲಿಸಿದ.

"ಅರ್ಧ ಗಂಟೆಯಿಂದ ಹೇಳ್ತಾ ಇದೀನಿ, ಹಿಂದುಗಡೆ ಏನೋ ಗುಂಯ್ ಅಂತಿದೆ ಅಂತ," ಎಂದಳು ಹೆಂಡತಿ. ಅವನು ಉತ್ತರ ಕೊಡದೆ ಬಾಗಿಲು ತೆಗೆದು ಇಳಿದ.

ಅದೇನೂ ಹೊಸದಲ್ಲ. ಎರಡು ವರ್ಷದ ಹಿಂದೆ, "ಸಾಕಾಯ್ತು" ಎಂದಷ್ಟೇ ಹೇಳಿ ಮೂವತ್ತು ವರ್ಷದ ಗ್ಯಾರೇಜನ್ನು ಮುಚ್ಚಿ ಬಂದಾಗಿನಿಂದ ಅವನು ಹೀಗೆಯೇ. ಹತ್ತು ಮಾತಿಗೆ ಒಂದು ಉತ್ತರ. ಉಳಿದ ಒಂಬತ್ತು ಕಲ್ಲಿನ ಮೇಲೆ ಸುರಿದ ನೀರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಅಷ್ಟೊಂದು ಬಂಗಾರ ಹೊತ್ತು ಅವಳ ಕತ್ತು ಸೋತಿತ್ತು. ಈ ಪ್ರವಾಸ ಅವಳ ಅಕ್ಕನ ಊರಿನಲ್ಲಿ ಮುಗಿಯುವುದಿತ್ತು. "ನಾನು ನಿನ್ ಹತ್ರಾನೇ ಉಳ್ಕೋತೀನಿ ಅಕ್ಕ, ಅವರೊಬ್ಬರೇ ವಾಪಸ್ ಹೋಗ್ಲಿ," ಎಂದು ಫೋನಿನಲ್ಲಿ ಹೇಳಿಯೂ ಆಗಿತ್ತು. ಗಂಡನಿಗೆ ಮಾತ್ರ ಇನ್ನೂ ಹೇಳಿರಲಿಲ್ಲ.

ಅವನು ಗಾಲಿಗಳಿಗೆ ಕಲ್ಲು ಕೊಟ್ಟು, ಕ್ಯಾರವಾನನ್ನು ಅದರ ಪುಟ್ಟ ಮುಂಗಾಲಿಯ ಮೇಲೆ ಎತ್ತಿ ನಿಲ್ಲಿಸಿ ಕಾರಿನಿಂದ ಬಿಡಿಸಿದ. ಆ ಕಾರಿಗೆ ಹಿಂದುಗಡೆ ಸ್ಪ್ರಿಂಗ್ ಇಲ್ಲ. ಅದರ ಜಾಗದಲ್ಲಿ ಎರಡು ರಬ್ಬರಿನ ಗಾಳಿಚೀಲ, ಅವಕ್ಕೆ ಗಾಳಿ ತುಂಬಲು ಗುಂಯ್‌ಗುಡುವ ಒಂದು ಕಂಪ್ರೆಸರ್. ಬಲಗಡೆಯ ಚೀಲ ಸೊರಗಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳಷ್ಟು ಸಂದು ಉಳಿದಿತ್ತು. ಅವನು ಮಂಡಿಯೂರಿ ಅಲ್ಲಿಗೆ ಕಿವಿ ಕೊಟ್ಟ. ಎಂಜಿನ್ನಿಗೆ ಕಿವಿಯಿಟ್ಟೇ ರೋಗ ಹೇಳುತ್ತಿದ್ದ ಮನುಷ್ಯ.

"ಸದ್ದಿಲ್ಲ. ಇದ್ದಬದ್ದ ಗಾಳಿಯೆಲ್ಲ ಹೋಗಿದೆ. ಇನ್ನು ಕೆಳಗಿಳಿಯಲ್ಲ," ಎಂದವನೇ ಮೊಣಕೈವರೆಗೂ ಕೈಯನ್ನು ಸಂದಿನೊಳಗೆ ತೂರಿಸಿದ.

ಹತ್ತು ಹೆಜ್ಜೆ ಆಚೆ ನಿಂತಿದ್ದ ಅವಳಿಗೆ ಆ ಸದ್ದು ಚೆನ್ನಾಗಿಯೇ ಕೇಳಿಸುತ್ತಿತ್ತು. ಸುಸ್ಸ್ ಎಂದು, ಕುಕ್ಕರಿನ ಹಬೆಯ ಹಾಗೆ. ಇವನೇಕೆ ಇಲ್ಲ ಎನ್ನುತ್ತಾನೆ ಎಂದುಕೊಳ್ಳುವಷ್ಟರಲ್ಲಿ ಅದು ಇದ್ದಕ್ಕಿದ್ದಂತೆ ಜೋರಾಯಿತು.

"ರೀ, ಕೈ ತೆಗೀರಿ! ಗಾಳಿ ಹೋಗ್ತಿದೆ!"

ಅವನು ಕದಲಲಿಲ್ಲ. ಮೂರನೆಯ ಸಲ ಕೂಗುವ ಹೊತ್ತಿಗೆ ಅವಳು ಓಡಿ ಬಂದು ಅವನ ಕಾಲರು ಹಿಡಿದು ಎಳೆದಿದ್ದಳು. ಇಬ್ಬರೂ ಮಣ್ಣಿಗೆ ಬಿದ್ದರು. ಕಾರು ನಿಟ್ಟುಸಿರು ಬಿಟ್ಟು ಕೂತಿತು. ಟೈರಿನ ಮೇಲೆ ಒಂದು ಬೆರಳಿಗೂ ಜಾಗ ಉಳಿಯಲಿಲ್ಲ.

"ಯಾಕೇ ಎಳೆದೆ?"

"ಕೂಗಿದೆ. ಮೂರು ಸಲ ಕೂಗಿದೆ."

ಅವನು ಕಾರನ್ನು ನೋಡಿದ. ತನ್ನ ಕೈ ನೋಡಿಕೊಂಡ. ಆಮೇಲೆ ಅವಳ ತುಟಿಗಳನ್ನು ನೋಡುತ್ತಾ ಕೇಳಿದ: "ಸದ್ದು ಬರ್ತಿತ್ತಾ?"

"ನಾನು ನಿಂತಿದ್ನಲ್ಲ, ಅಲ್ಲಿವರೆಗೂ ಬರ್ತಿತ್ತು."

ಅವನು ಮಣ್ಣಿನಿಂದ ಏಳಲೇ ಇಲ್ಲ. "ಮೊದಲು ಸಣ್ಣ ಸದ್ದುಗಳು ಕೇಳಿಸದೇ ಹೋದವು. ಈಗ ಮಾತೂ ಮುಕ್ಕಾಲು ಪಾಲು ಹೋಗಿದೆ. ಗ್ಯಾರೇಜಲ್ಲಿ ಕೆಲಸದವನ ಭುಜ ಮುರೀತಲ್ಲ, ಜಾಕ್ ಜಾರಿತು ಅಂತ ನಿನಗೆ ಹೇಳಿದ್ದೆ. ಜಾರಲಿಲ್ಲ. ಇಳಿಸಬೇಡಿ ಅಂತ ಅವನು ಅಡಿಯಿಂದ ಕೂಗ್ತಾ ಇದ್ದನಂತೆ. ನಾನೇ ಇಳಿಸಿದೆ."

"ನನಗ್ಯಾಕೆ ಹೇಳ್ಲಿಲ್ಲ?"

"ಕಿವುಡ ಅನ್ನಿಸ್ಕೊಳ್ಳೋದಕ್ಕಿಂತ ಮುಂಗೋಪಿ ಅನ್ನಿಸ್ಕೊಳ್ಳೋದೇ ವಾಸಿ ಅನ್ನಿಸ್ತು ಕಣೇ."

ಎರಡು ವರ್ಷ ಕೂಡಿಟ್ಟ ಸಿಟ್ಟನ್ನು ಈಗ ಎಲ್ಲಿ ಇಳಿಸಬೇಕೆಂದು ಅವಳಿಗೆ ತೋಚಲಿಲ್ಲ. ಅಯ್ಯೋ ಎನಿಸಿತು, ಅದರ ಬೆನ್ನಿಗೇ, ಅಷ್ಟೂ ದಿನ ತನ್ನನ್ನು ಗೋಡೆಯ ಮುಂದೆ ಮಾತಾಡಲು ಬಿಟ್ಟನಲ್ಲ ಎಂಬ ಹೊಸ ಉರಿ. ಎದ್ದು ಕ್ಯಾರವಾನಿನೊಳಗೆ ಹೋದಳು. ಸಿಂಕಿನ ಮುಂದೆ ನಿಂತು ಒಂದಿಷ್ಟು ಅತ್ತಳು. ಆಮೇಲೆ ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಕಲಸಿ ಬಟ್ಟಲಿನಲ್ಲಿ ತಂದಳು.

ಅಷ್ಟರಲ್ಲಿ ಅವನು ಜಾಕ್ ಹಾಕಿ ಎತ್ತಿ, ಕೆಳಗೆ ಭದ್ರವಾಗಿ ಸ್ಟ್ಯಾಂಡ್ ಕೊಟ್ಟಿದ್ದ. ಎಂಜಿನ್ ಶುರುವಾಗಿ ಚೀಲಕ್ಕೆ ಗಾಳಿ ಬರತೊಡಗಿದ ಮೇಲೆ ಅವಳು ಬಗ್ಗಿ ಆಲಿಸಿ, ಇಲ್ಲಿ ಎಂದು ಬೆರಳಿಟ್ಟು ತೋರಿಸಿದಳು. ಅವನು ಅಲ್ಲಿಗೇ ಸೋಪುನೀರು ಬಳಿದ. ಚೀಲಕ್ಕೆ ಗಾಳಿಯ ಪೈಪು ಸೇರುವಲ್ಲಿ ಗುಳ್ಳೆಗಳು ಉಬ್ಬಿ ಉಬ್ಬಿ ಒಡೆದವು. ಪೈಪಿನ ತುದಿ ಸೀಳಿತ್ತು. ಗಾಳಿ ನಿಲ್ಲಿಸಿ, ಸೀಳಿದಷ್ಟನ್ನು ನೇರವಾಗಿ ಕತ್ತರಿಸಿ, ಉಳಿದದ್ದನ್ನು ಒತ್ತಿ ಕೂರಿಸಿ ಮತ್ತೆ ಗಾಳಿ ಬಿಟ್ಟ.

"ಈಗ?"

"ಇಲ್ಲ."

"ಸರಿಯಾಗಿ ಕೇಳು."

"ಇಲ್ಲ ಅಂದ್ನಲ್ಲ!" ಅವಳು ಕೈ ಅಲ್ಲಾಡಿಸಿಯೂ ಹೇಳಿದಳು.

ಸ್ಟ್ಯಾಂಡ್ ತೆಗೆದ ಮೇಲೆ ಕಾರು ಮೆಲ್ಲಗೆ, ಕುಕ್ಕರುಗಾಲಿನಿಂದ ಏಳುವ ಮುದುಕನಂತೆ, ಮೇಲೆದ್ದಿತು. ಕ್ಯಾರವಾನು ಮತ್ತೆ ಕೂಡಿಕೊಂಡಿತು. ನಲವತ್ತು ದಾಟದಂತೆ ಅವನು ಓಡಿಸತೊಡಗಿದ. ಹಿಂದಿನ ಗುಂಯ್ ಸದ್ದು ನಿಂತಿತ್ತು. ಅದನ್ನು ತಿಳಿಸಲು ಅವಳು ಅವನ ತೋಳು ಮುಟ್ಟಿ ತಲೆಯಾಡಿಸಿದಳು.

ಏರು ಮುಗಿದ ಮೇಲೆ, ಕಿಟಕಿಯ ಕಡೆಗೇ ನೋಡುತ್ತಾ ಅವಳು ತಗ್ಗಿದ ದನಿಯಲ್ಲಿ ಹೇಳಿದಳು: "ನಿಮ್ಮನ್ನ ಬಿಟ್ಟು ಹೋಗೋಕೆ ಹೊರಟಿದ್ದೆ."

ಅವಳ ಕೆನ್ನೆ ಅಲುಗಿದ್ದು ಅವನ ಕಣ್ಣಂಚಿಗೆ ಬಿದ್ದಿರಬೇಕು. ವೇಗ ತಗ್ಗಿಸಿ ಅವಳ ಕಡೆ ತಿರುಗಿದ.

"ಏನಂದೆ? ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಎರಡು ವರ್ಷಗಳಲ್ಲಿ ಅವನು ಹಾಗೆ ಕೇಳಿದ್ದು ಅದೇ ಮೊದಲು. ಅವಳು ಬಾಯಿ ತೆರೆದಳು. ಅದು ಕೂಗಿ ಹೇಳುವ ಮಾತಾಗಿರಲಿಲ್ಲ.