ರಾಹುಲ್ ಕೇಳಿದ ಪಾಸ್‌ವರ್ಡ್

"ಡೂಟೀಲಿ ಮನೀಕಳೋ ಮಗ ಅಲ್ಲ ಕಣವ್ವ ನಮ್ ರಾಹುಲ," ಎಂದು ಮರಿಯಯ್ಯ ಶಾಂತಿಗೆ ನಾಲ್ಕನೆಯ ಸಲ ಹೇಳಿದ. "ಅವ್ನಿಂದ ಇನ್ನಿಬ್ರು ಸತ್ರು ಅಂತ ನಮ್ಮಟ್ಟಿ ಮುಂದೆ ಬಂದು ಮಣ್ಣು ತೂರ್ತಾರೆ." ಹೆಮ್ಮಿಗೆಯಿಂದ ಎರಡು ಬಸ್ಸು ಬದಲಿಸಿ ನಂಜನಗೂಡಿನ ಕಾರ್ಖಾನೆಗೆ ಬಂದಿದ್ದ ಅವನು, ಕುರ್ಚಿ ಕೊಟ್ಟರೂ ಕೂತಿರಲಿಲ್ಲ.

ಹನ್ನೆರಡು ದಿನದ ಹಿಂದೆ ಅಮೋನಿಯಾ ಸೋರಿತ್ತು. ವಾಲ್ವ್ ಮುಚ್ಚುವ ಕಂಪ್ಯೂಟರಿನ ಮುಂದೆಯೇ ರಾಹುಲನ ಹೆಣ ಸಿಕ್ಕಿತ್ತು. ವಾಲ್ವ್ ಮಾತ್ರ ತೆರೆದೇ ಇತ್ತು. ನಿದ್ದೆ ಮಾಡುತ್ತಿದ್ದ ಎಂದು ಎರಡು ಸಾಲು ಷರಾ ಬರೆದು ಕಂಪನಿ ಕೈತೊಳೆದುಕೊಂಡಿತ್ತು.

ಪಾಸ್‌ವರ್ಡುಗಳ ಉಸ್ತುವಾರಿ ಶಾಂತಿಯದು. ಮೊದಲು ಅವೆಲ್ಲ ಕಂಪ್ಯೂಟರಿಗೆ ಅಂಟಿಸಿದ ಚೀಟಿಯಲ್ಲಿದ್ದವು. ಗೇಟಿನ ವಾಚ್‌ಮನ್‌ಗೂ ಬಾಯಿಪಾಠ. ಚೀಟಿಗಳನ್ನು ಹರಿದು, ಎಲ್ಲವನ್ನೂ ಗೂಢಲಿಪಿಯಲ್ಲಿ ಒಂದೇ ಸರ್ವರ್‌ಗೆ ಸೇರಿಸಿದವಳು ಅವಳೇ. ಈಗ ವಾಲ್ವ್ ಮುಟ್ಟಬೇಕಾದವನು ಸರ್ವರನ್ನು ಕೇಳಬೇಕು. ಶಾಂತಿಗೂ ಮ್ಯಾನೇಜರ್ ಸೋಮಶೇಖರನಿಗೂ ಮೊಬೈಲಿನಲ್ಲಿ ಕೋರಿಕೆ ಬರುತ್ತದೆ. ಹೆಸರಿರುವುದಿಲ್ಲ, ಬರೀ ಒಂದು ನಂಬರು. ಕೊಡು ಅಥವಾ ಬೇಡ ಎಂದು ಯಾರು ಮೊದಲು ಒತ್ತುತ್ತಾರೋ ಅವರದೇ ತೀರ್ಮಾನ. ಕೇಳಿದ್ದು, ಕೊಟ್ಟಿದ್ದು, ತಿರಸ್ಕರಿಸಿದ್ದು, ಎಲ್ಲವೂ ಸರ್ವರಿನಲ್ಲಿ ಹೆಸರು ಸಮೇತ ದಾಖಲಾಗುತ್ತದೆ.

ಅಮೋನಿಯಾ ಸೋರಿದ ಆ ಮಧ್ಯಾಹ್ನ ಶಾಂತಿ ತಿ. ನರಸೀಪುರದ ಕಾಲೇಜೊಂದರಲ್ಲಿ ಪಾಸ್‌ವರ್ಡ್ ಸುರಕ್ಷತೆಯ ಬಗ್ಗೆ ಭಾಷಣ ಮಾಡುತ್ತಿದ್ದಳು. ಕಾರ್ಖಾನೆಯಲ್ಲಿದ್ದವನು ಸೋಮಶೇಖರ್.

"ದಾಖಲೆ ತೆಗೆದೇ ನೋಡ್ತೀನಿ," ಎಂದಳು.

"ಬೇಡ ಬಿಡಿ ಮೇಡಂ." ಪಕ್ಕದಲ್ಲೇ ಕೂತಿದ್ದ ಸೋಮಶೇಖರ್ ಎದ್ದು ಬಾಗಿಲು ಹಾಕಿದ. "ಮುಗಿದೋಗಿರೋ ವಿಷ್ಯ. ನಿಮಗೇ ಒಳ್ಳೇದಲ್ಲ."

ಶಾಂತಿಗೆ ಮೈ ಉರಿಯಿತು. ಸತ್ತವನ ತಲೆಗೆ ಕಟ್ಟಿ ಈ ಮನುಷ್ಯ ಪಾರಾಗಲು ನೋಡುತ್ತಿದ್ದಾನೆ, ಮೇಲೆ ತನಗೇ ಬೆದರಿಕೆ ಬೇರೆ! ಅವನ ಕಡೆ ತಿರುಗಿಯೂ ನೋಡದೆ ದಾಖಲೆ ತೆರೆದಳು.

ಎರಡು ನಲವತ್ತೊಂದಕ್ಕೆ ರಾಹುಲ್ ಪಾಸ್‌ವರ್ಡ್ ಕೇಳಿದ್ದ. ಎರಡು ನಲವತ್ತೆರಡಕ್ಕೆ ಮತ್ತೆ. ಎರಡು ನಲವತ್ತನಾಲ್ಕಕ್ಕೆ ಮತ್ತೆ. ಆಮೇಲೆ ಏನೂ ಇರಲಿಲ್ಲ. ಮೂರರ ಮುಂದೆಯೂ ‘ತಿರಸ್ಕೃತ’ ಎಂದಿತ್ತು; ಯಾರಿಂದ ಎಂಬುದನ್ನು ನೋಡಲು ಇನ್ನೊಂದು ಪುಟ ತೆರೆಯಬೇಕಿತ್ತು.

"ನಿಮ್ ಮಗ ಮಲಗಿರಲಿಲ್ಲ ಮರಿಯಯ್ಯನೋರೇ," ಎಂದಳು. "ಮೂರು ಸಲ ಕೇಳಿದಾನೆ. ಮೂರು ಸಲವೂ ಯಾರೋ ಆಗಲ್ಲ ಅಂದಿದಾರೆ."

ಮರಿಯಯ್ಯ ಆಗ ಕುರ್ಚಿಯಲ್ಲಿ ಕುಳಿತ.

"ಯಾರವ್ವ ಅದು? ನಂಗೆ ಓದಾಕ್ ಬರಲ್ಲ. ಎಸ್ರು ಯೇಳು."

ಆ ಪುಟ ತೆರೆಯುವ ಮೊದಲೇ ಶಾಂತಿ ಸೋಮಶೇಖರನನ್ನು ದುರುಗುಟ್ಟಿ ನೋಡಿದಳು. ಅವನು ತಲೆ ತಗ್ಗಿಸಿದ.

"ಅವತ್ತು ಭಾಷಣದ ಮಧ್ಯೆ ಮಕ್ಕಳಿಗೆ ತೋರಿಸೋಕೆ ಒಂದೆರಡು ಸುಳ್ಳು ಕೋರಿಕೆ ಕಳ್ಸಿ ಅಂದಿದ್ರಲ್ಲ ಮೇಡಂ," ಎಂದ ಮೆಲ್ಲಗೆ. "ಕೆಲಸದ ಗಡಿಬಿಡೀಲಿ ನಾನು ಒಂದನ್ನೂ ಕಳಿಸಲೇ ಇಲ್ಲ."

ಗುರುತಿಲ್ಲದ ಕೋರಿಕೆಯನ್ನು ಹೀಗೆ ತಿರಸ್ಕರಿಸಬೇಕು ಎಂದು ಶಾಂತಿ ಅಂದು ವೇದಿಕೆಯ ಮೇಲೆ ಮೊಬೈಲ್ ಎತ್ತಿ ಹಿಡಿದು ಮೂರು ಸಲ ಒತ್ತಿ ತೋರಿಸಿದ್ದಳು, ಮೂರು ಸಲವೂ ಚಪ್ಪಾಳೆ ಬಿದ್ದಿತ್ತು.