ಇಂಗ್ಲಿಷರ ಪಟ್ಟಿ

ಇಂಗ್ಲಿಷರನ್ನು ಮಂಗಳೂರಿನಿಂದ ಓಡಿಸಿದ್ದು ನನ್ನ ಅಜ್ಜ, ಅದೂ ಒಂದೇ ಒಂದು ಬಂಗುಡೆಯಿಂದ. ಬಂದರಿನ ಧಕ್ಕೆಯಲ್ಲಿ ಕಲೆಕ್ಟರ್ ದೊರೆ ಅಜ್ಜನ ಬುಟ್ಟಿಯನ್ನು ಬೂಟುಗಾಲಿನಲ್ಲಿ ಒದ್ದ. ಅಜ್ಜ ಚೆಲ್ಲಿದ ಮೀನಿನಿಂದಲೇ ಒಂದು ಬಂಗುಡೆ ಆರಿಸಿ ದೊರೆಯ ಕೆನ್ನೆಗೆ ಬಾರಿಸಿದರು. ಆ ಸದ್ದಿಗೆ ಲಂಡನ್ನಿನಲ್ಲಿ ರಾಣಿಯ ಕೈಯಿಂದ ಚಹಾದ ಕಪ್ಪು ಜಾರಿ ಬಿತ್ತು. ಮುಂದಿನ ವಾರವೇ ಎಲ್ಲರೂ ಹಡಗು ಹತ್ತಿದರು.

ಇದನ್ನು ನಾನು ಹೇಳುತ್ತಿದ್ದದ್ದು ಚೈತಾಲಿಯ ಕ್ಯಾಮೆರಾದ ಮುಂದೆ, ಬಂದರಿನ ಹಳೆಯ ಗೋದಾಮೊಂದರ ಜಗಲಿಯಲ್ಲಿ ಕುಳಿತು. ಚೈತಾಲಿ ಇಲ್ಲೇ ಊರಿನ ದೇರೆಬೈಲಿನವಳು, ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ಇಂಗ್ಲಿಷರು ಕರಾವಳಿಯ ಜನರನ್ನು ಹೇಗೆ ಒಡೆದರು ಎಂದು ಒಂದು ಪ್ರದರ್ಶನ ಮಾಡುತ್ತಿದ್ದಾಳೆ. ಅದರ ಕೊನೆಯ ಗೋಡೆಗೆ ಅವಳಿಗೊಂದು ಫೋಟೊ ಬೇಕು: ಕೋಮು ಗಲಾಟೆಯಲ್ಲಿ ದೂರವಾದ ಇಬ್ಬರು ಮತ್ತೆ ಕೈ ಹಿಡಿದದ್ದು. ಮೀನುಗಾರ ಮೊಗವೀರರ ಪೈಕಿ ನಾನು, ಕಿಟ್ಟು. ಬ್ಯಾರಿ ಮುಸಲ್ಮಾನರ ಪೈಕಿ ನೂರ್ ಮುಹಮ್ಮದ್, ನನಗೆ ನೂರಾಕ. ನಾವಿಬ್ಬರೂ ಇದೇ ಸಾಲಿನಲ್ಲಿ ಒಣಮೀನು ಮಾರಿ ಮುದುಕರಾಗಬೇಕಿದ್ದವರು. ಇಪ್ಪತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಇಲ್ಲಿ ಬ್ಯಾರಿಗಳ ಹನ್ನೊಂದು ಗೋದಾಮುಗಳು ಉರಿದವು. ಒಂದರ ಒಳಗೆ ನೂರಾಕನ ತಮ್ಮ ಝುಬೈರ್ ಮೀನಿಗೆ ಉಪ್ಪು ಹಾಕುತ್ತಿದ್ದ. ಅವನು ಹೊರಗೆ ಬರಲಿಲ್ಲ. ಆಮೇಲೆ ನೂರಾಕ ಬಂದರಿಗೆ ಕಾಲಿಟ್ಟದ್ದು ಇವತ್ತೇ.

"ಎಲ್ಲ ಆ ಬಿಳಿಯರದ್ದೇ ಕೆಲಸ ಮಾರಾಯ್ತಿ," ಎಂದೆ ಚೈತಾಲಿಗೆ. "ಅವರು ಬರುವ ಮೊದಲು ಯಾರು ಯಾವ ಜಾತಿ ಅಂತ ಇಲ್ಲಿ ಬೆಕ್ಕಿಗೂ ಗೊತ್ತಿರ್ಲಿಲ್ಲ. ಜನಗಣತಿ ಮಾಡಿ ಪಟ್ಟಿ ಬರೆದಿಟ್ಟು ಹೋದ್ರು. ಆ ದಿನ ಬೆಂಕಿ ಕೊಡ್ಲಿಕ್ಕೆ ಬಂದವರ ಕೈಯಲ್ಲಿ ಅದೇ ಪಟ್ಟಿ ಇತ್ತು. ನಾನು ಕಣ್ಣಾರೆ ನೋಡಿದ್ದೇನೆ, ರಾಣಿಯ ಸೀಲ್ ಸಮೇತ."

"ಅಜ್ಜ, ಸೀಲ್ ಬೇಡ," ಎಂದು ಅವಳು ನಕ್ಕಳು.

"ಇತ್ತು. ಕೆಂಪು ಮೇಣದ್ದು, ದೋಸೆಯಷ್ಟು ದೊಡ್ಡದು."

ನೂರಾಕ ನಗಲಿಲ್ಲ. "ಕಿಟ್ಟು, ಮೊದಲೆಲ್ಲ ನೀನು ಹೇಳುವಾಗ ಆ ಬಂಗುಡೆ ಬರೀ ಸಣ್ಣ ಬೂತಾಯಿ ಆಗಿತ್ತು."

"ಮೀನಲ್ವಾ ನೂರಾಕ. ಬೆಳೀತದೆ."

"ನಿನ್ನ ಅಜ್ಜನೂ ನನ್ನ ಅಜ್ಜನೂ ದೊರೆಗಳ ಕ್ಲಬ್ಬಿಗೆ ಮೀನು ಕೊಡ್ತಿದ್ದದ್ದು ಹಿಂದಿನ ಬಾಗಿಲಲ್ಲಿ. ಎದುರಿನ ಬಾಗಿಲು ಇಬ್ಬರಿಗೂ ಇರ್ಲಿಲ್ಲ. ಬೇರೆ ಬೇರೆ ಪುಟದಲ್ಲಿ ನಮ್ಮನ್ನು ಬರೆದದ್ದೂ ಅವರೇ, ಈ ಹುಡುಗಿ ಆ ಜನಗಣತಿ ಪುಸ್ತಕ ನನಗೂ ತೋರಿಸಿದ್ದಾಳೆ. ಅದೆಲ್ಲ ಸುಳ್ಳು ಅಂತ ನಾನು ಹೇಳುದಿಲ್ಲ." ನೂರಾಕ ಕೊಡೆಯನ್ನು ಮೊಣಕಾಲಿನ ಮೇಲೆ ಅಡ್ಡ ಇಟ್ಟುಕೊಂಡರು. "ಝುಬೈರ್ ಇದ್ದ ಗೋದಾಮು ಯಾವ ಪುಟದಲ್ಲಿ ಉಂಟು?"

"ಅಂದ್ರೆ ಎಂತ?"

"ಅದು ಚಿತ್ತರಂಜನ ಶೆಟ್ರದ್ದು. ನಾನು ತೆಗೊಂಡು ಹದಿನಾರು ದಿನ ಆಗಿತ್ತು. ರಿಜಿಸ್ಟ್ರಿ ಆಗಿರ್ಲಿಲ್ಲ, ಹೊರಗೆ ಶೆಟ್ರ ಬೋರ್ಡೇ ಇತ್ತು. ನನ್ನ ಹೆಂಡತಿಗೂ ಹೇಳಿರ್ಲಿಲ್ಲ. ಎಡದ್ದನ್ನು ಬಿಟ್ರು, ಬಲದ್ದನ್ನು ಬಿಟ್ರು, ಅದಕ್ಕೆ ಮಾತ್ರ ಬೆಂಕಿ ಕೊಟ್ರು. ಶೆಟ್ರು ಆಗ ಬೊಂಬಾಯಿಯಲ್ಲಿ. ಮತ್ತೆ ಗೊತ್ತಿದ್ದದ್ದು ಒಬ್ಬನಿಗೇ. ಉಪ್ಪಿಗೆ ಅರಶಿನ ಬೆರೆಸುವುದು ನಮ್ಮ ಮನೆಯವರು ಮಾತ್ರ. ನೀನು ನನ್ನನ್ನು ದಾರಿಯಲ್ಲಿ ನಿಲ್ಲಿಸಿ, 'ಶೆಟ್ರ ಗೋದಾಮಿನಲ್ಲಿ ನಿಮ್ಮ ಅರಶಿನದ ವಾಸನೆ ಬರ್ತದಲ್ಲ ನೂರಾಕ' ಅಂತ ನಗಾಡಿದ್ದಿ."

ಚೈತಾಲಿ ಕ್ಯಾಮೆರಾ ನಿಲ್ಲಿಸಲು ಕೈ ಚಾಚಿದಳು. ನೂರಾಕ ಬೇಡವೆಂದರು.

"ಇರ್ಲಿ ಮಗಾ. ನಾನು ಕೈ ಕೊಡ್ಲಿಕ್ಕೇ ಬಂದದ್ದು. ಯಾರ ಕೈ ಅಂತ ಗೊತ್ತಾಗ್ಬೇಕು, ಅಷ್ಟೆ."

ಬಾಯಲ್ಲಿ ನೂರು ಕಥೆ ಇಟ್ಟುಕೊಂಡು ಹುಟ್ಟಿದವನು ನಾನು. ಶೆಟ್ಟರು ಬೊಂಬಾಯಿಯಿಂದ ಫೋನು ಮಾಡಿದ್ದರು ಎನ್ನಬಹುದಿತ್ತು, ಪೊಲೀಸರಿಗೆ ಗೊತ್ತಿತ್ತು ಎನ್ನಬಹುದಿತ್ತು. ನೂರಾಕ ನನ್ನ ಬಾಯಿಯನ್ನಲ್ಲ, ಬಲಗೈಯನ್ನು ನೋಡುತ್ತಿದ್ದರು.

"ಪಟ್ಟಿ ಇರ್ಲಿಲ್ಲ," ಎಂದೆ.

ಆ ದಿನ ಟೆಂಪೋದಲ್ಲಿ ಬಂದಿದ್ದ ಹುಡುಗರು ಹೊರಗಿನವರು. ಎಲ್ಲ ಶಟರುಗಳೂ ಮುಚ್ಚಿದ್ದವು, ಎಲ್ಲವೂ ಒಂದೇ ಬಣ್ಣ, ಹೆಚ್ಚಿನವಕ್ಕೆ ಬೋರ್ಡೂ ಇರಲಿಲ್ಲ. ಯಾವುದು ಯಾರದ್ದೆಂದು ತಿಳಿಯದೆ ಅವರು ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದರು. ಇನ್ನೈದು ನಿಮಿಷ ಕಳೆದಿದ್ದರೆ ವಾಪಸು ಹೋಗುತ್ತಿದ್ದರೋ ಏನೋ. ನಾನು ಚಹಾದ ಗ್ಲಾಸು ಕೆಳಗಿಟ್ಟು ಎದ್ದೆ. ಕಣ್ಣು ಮುಚ್ಚಿಕೊಂಡು, ಯಾವ ಗೋದಾಮು ಯಾರದ್ದೆಂದು ಮೂಗಿನಲ್ಲೇ ಹೇಳುತ್ತೇನೆ ಎಂದೆ. ಸಾಲಿನ ಉದ್ದಕ್ಕೂ ನಡೆದೆ, ನಿಂತಲ್ಲೆಲ್ಲ ಬೆರಳು ತೋರಿಸಿದೆ. ಒಂದೂ ತಪ್ಪಲಿಲ್ಲ. ಹನ್ನೊಂದನೆಯದರ ಎದುರು ಒಬ್ಬ, "ಇದು ಶೆಟ್ರದ್ದಲ್ವಾ?" ಎಂದ. ಬೋರ್ಡು ನೋಡಬೇಡ, ಉಸಿರು ಎಳೆದು ನೋಡು ಎಂದೆ. ಒಳಗೆ ಝುಬೈರ್ ಇದ್ದದ್ದು ನನ್ನ ಮೂಗಿಗೆ ತಿಳಿಯಲಿಲ್ಲ.

ಇಷ್ಟನ್ನೂ ಹೇಳಿ ಮುಗಿಸಿದೆ. ಕೊಡೆಯ ಮೇಲಿದ್ದ ನೂರಾಕನ ಕೈ ಮುಷ್ಟಿಯೂ ಆಗಲಿಲ್ಲ, ನನ್ನತ್ತ ಬರಲೂ ಇಲ್ಲ.

ಚೈತಾಲಿ ಕೇಳಿದಳು, "ಹೆದರಿಸಿದ್ರಾ ಅಜ್ಜ? ಕತ್ತಿ ತೋರಿಸಿದ್ರಾ?"

ಪಾಪ, ಹುಡುಗಿ ನನಗೊಂದು ಬಾಗಿಲು ತೆರೆದುಕೊಟ್ಟಿದ್ದಳು. ಅರುವತ್ತು ಕತ್ತಿಗಳು ನಾಲಗೆಯ ತುದಿಯವರೆಗೆ ಬಂದವು.

"ಇಲ್ಲ," ಎಂದೆ. "'ಯಾವುದು ಯಾರದ್ದು ಅಂತ ನಿಮಗೆಲ್ಲಿ ಗೊತ್ತಿರ್ತದೆ ಅಣ್ಣ' ಅಂದ್ರು ಆ ಹುಡುಗರು. ಅಷ್ಟೇ."